ಮೊದಲಕ್ಷರ ನುಂಗುವ ಪೆಟ್ಟಿಗೆ

ಚರಂಡಿ ಬಲ್ಲ ಗಂಡಸಿನ ಕೈಗೆ ಕಂಪ್ಯೂಟರು ಕೊಡಬಾರದು. ಇದು ನನ್ನ ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ಹತ್ತಿರದಿಂದ ನೋಡಿ ನಾನು ಕಂಡುಕೊಂಡ ಸತ್ಯ. ಭಾವ ಮಂಡ್ಯದ ಕಡೆಯವರು, ಸಿವಿಲ್ ಎಂಜಿನಿಯರು, ಮನೆ ಅಮೆರಿಕದ ಕ್ಯಾಂಪ್‌ಬೆಲ್ಲಿನಲ್ಲಿ. ಮಳೆನೀರು ಎಲ್ಲಿಂದ ಹೊರಟು ಎಲ್ಲಿಗೆ ಸೇರಬೇಕು ಎಂದು ನೌಕರಿಯುದ್ದಕ್ಕೂ ಗೆರೆ ಎಳೆದು ಈಗ ನಿವೃತ್ತರಾಗಿದ್ದಾರೆ. ಆದರೆ ನೀರು ಅವರ ತಲೆಯಿಂದ ಇನ್ನೂ ಇಳಿದಿಲ್ಲ!

ಒಮ್ಮೆ ಪಕ್ಕದೂರು ಸರಟೋಗಾದಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ಜೋರು ಮಳೆ. ಅಕ್ಕನೂ ನಾನೂ ರೇಷ್ಮೆ ಸೀರೆಯ ನಿರಿಗೆ ಮುದುಡದಂತೆ ಉಸಿರು ಬಿಗಿಹಿಡಿದು ಕೂತಿದ್ದೇವೆ. ಬೆಟ್ಟದ ರಸ್ತೆಯ ತಿರುವಿನಲ್ಲಿ ಭಾವ ಗಕ್ಕನೆ ಕಾರು ನಿಲ್ಲಿಸಿದರು. ಜಿಂಕೆ ಅಡ್ಡ ಬಂತೇ? ಟೈರು ಹೋಯಿತೇ? ಏನೂ ಇಲ್ಲ. ಮೋರಿಯ ಜಾಲರಿಗೆ ಎಲೆ ಕಟ್ಟಿಕೊಂಡಿತ್ತು! ಇಳಿದು ಹೋಗಿ, ಹೊಸ ಬೂಟಿನಿಂದ ಎಲೆ ಸರಿಸಿ, ನೀರು ಗುಳುಗುಳು ಎಂದು ಇಳಿಯುವುದನ್ನು ಮಗುವಿನ ಮೊದಲ ಹೆಜ್ಜೆ ನೋಡುವವರಂತೆ ನಿಂತು ನೋಡಿದರು. ಅಕ್ಕ ಕಿಟಕಿ ಇಳಿಸಿ ಕೂಗಿದಳು, "ರೀ! ಪೂಜೆ ಅಂತೂ ತಪ್ಪೋಯ್ತು, ಊಟಾನಾದ್ರೂ ಸಿಗ್ಲಿ ಬನ್ರೀ!"

ಆ ಅಕ್ಕನಿಗೆ ಈಗ ಮಾತಿಲ್ಲ.

ನರಗಳು ಒಂದೊಂದಾಗಿ ಸೋಲುವ ಕಾಯಿಲೆ. ಮೊದಲು ಕೈ ಹೋಯಿತು, ಆಮೇಲೆ ಕಾಲು, ಆಮೇಲೆ ನಾಲಗೆ. ಬುದ್ಧಿ ಹಾಗೇ ಇದೆ, ಕಣ್ಣು ಹಾಗೇ ಇದೆ. ಕಣ್ಣೂ ಒಂದು ದಿನ ದಣಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ, ಯಾವ ದಿನ ಎಂದು ಹೇಳಿಲ್ಲ. ವಾಸಿಯಾಗುವ ಔಷಧಿ ಇಲ್ಲ. ನಗಿಸಲು ಕೂತವಳು ಇಂಥದ್ದನ್ನೆಲ್ಲ ಯಾಕೆ ತಂದೆ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಈಗ ನಗುವುದಿದ್ದರೂ ಇದರ ಪಕ್ಕದಲ್ಲೇ ಕೂತು ನಗಬೇಕು.

ನಾಲಗೆ ಪೂರ್ತಿ ಸೋಲುವ ಮೊದಲೇ ಅಕ್ಕ ತನ್ನ ಧ್ವನಿಯಲ್ಲಿ ದಿನಬಳಕೆಯ ಮಾತುಗಳನ್ನು ರೆಕಾರ್ಡು ಮಾಡಿಟ್ಟಳು. ಬೇಕು, ಸಾಕು, ಬೇಡ, ಸೆಖೆ, ಟೀವಿ ಆರಿಸಿ, ಹೀಗೆ. ಎಲ್ಲಕ್ಕಿಂತ ಮೊದಲು ಹೇಳಿದ್ದು "ರೀ". ಅವಳ ಮುಂದೆ ಈಗ ಒಂದು ಪೆಟ್ಟಿಗೆ ಇದೆ. ಪರದೆಯ ಮೇಲೆ ಪದಗಳಿರುತ್ತವೆ, ಅವಳು ಯಾವುದನ್ನು ನೋಡುತ್ತಾಳೋ ಅದನ್ನು ಪೆಟ್ಟಿಗೆ ಅವಳದೇ ಧ್ವನಿಯಲ್ಲಿ ಹೇಳುತ್ತದೆ. ಹೇಳಬೇಕು. ಆದರೆ ಈ ಪುಣ್ಯಾತ್ಮ ಪೆಟ್ಟಿಗೆಗೆ ಬ್ಯಾಟರಿ ಉಳಿಸುವ ಚಪಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದರ ಧ್ವನಿಯ ಭಾಗ ನಿದ್ದೆ ಹೋಗುತ್ತದೆ. ಕರೆದಾಗ ಎದ್ದು, ಮೈಮುರಿದು, ಬಾಯಿ ತೆರೆಯುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ.

ಇಂಗ್ಲಿಷಿನವರಿಗೆ ಇದರಿಂದ ನಷ್ಟವಿಲ್ಲ. "ಪ್ಲೀಸ್ ಗಿವ್ ಮಿ ಸಮ್ ವಾಟರ್" ಎಂದರೆ ಪ್ಲೀಸು ಹೋಗುತ್ತದೆ, ನೀರು ಬರುತ್ತದೆ. ನಮ್ಮ ಗತಿ ನೋಡಿ! "ಬೇಕು" ಎಂದರೂ "ಕು", "ಸಾಕು" ಎಂದರೂ "ಕು". ಭಾವ ರಾಗಿ ಅಂಬಲಿಯ ಚಮಚ ಹಿಡಿದು, "ಬೇಕಾ? ಸಾಕಾ?" ಎಂದು ಕೇಳುವುದು, ಪೆಟ್ಟಿಗೆ "ಕು" ಎನ್ನುವುದು, ಅಕ್ಕ ಹುಬ್ಬು ಗಂಟಿಕ್ಕುವುದು! ಒಂದು ದಿನ ಸಾಕು ಎಂದವಳಿಗೆ ಬಟ್ಟಲು ಪೂರ್ತಿ ತಿನ್ನಿಸಿಬಿಟ್ಟರು.

"ಕು"ವನ್ನಾದರೂ ಹುಬ್ಬು ನೋಡಿ ತಿಳಿಯಬಹುದು. "ರೀ" ಇರುವುದೇ ಒಂದಕ್ಷರ. ಪೆಟ್ಟಿಗೆ ಅದನ್ನು ಇಡಿಯಾಗಿ ನುಂಗುತ್ತಿತ್ತು. ಅಕ್ಕ ಕಣ್ಣಿನಿಂದ ಕರೆಯುತ್ತಿದ್ದಳು, ಪಕ್ಕದ ಕೋಣೆಯಲ್ಲಿದ್ದ ಭಾವನಿಗೆ ಏನೂ ಕೇಳಿಸುತ್ತಿರಲಿಲ್ಲ. ಎಷ್ಟು ಸಲ ಕರೆದಳೋ ಗೊತ್ತಿಲ್ಲ. ಹೋಗಿ ನೋಡಿದರೆ ಅವಳ ಕಣ್ಣಲ್ಲಿ ನೀರು.

ಭಾವ ಪೆಟ್ಟಿಗೆಯ ಕಂಪನಿಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯ ಹುಡುಗಿ ಬಹಳ ವಿನಯವಂತೆ. ಉದ್ದದ ವಾಕ್ಯ ಬಳಸಿ ಎಂದಳು. ನಮಗೆ ಬೇಕಾದ ಪದ ಇಷ್ಟೇ ಉದ್ದ ಎಂದರು ಭಾವ. ಅದು ನಿಮ್ಮ ಹೆಸರೇ ಎಂದು ಕೇಳಿದಳು. ಅಲ್ಲ. ಹಾಗಾದರೆ ಅದರ ಅರ್ಥವೇನು? ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಏನೆಂದು ಹೇಳುವುದು? ಕೊನೆಗೆ ಭಾವ ಗಂಟಲು ಸರಿಮಾಡಿಕೊಂಡು, "ಇಟ್ ಮೀನ್ಸ್ ಮಿ" ಎಂದರು. ಪಾಪ, ಆ ಹುಡುಗಿ, ಅದರ ಬದಲು ನಿಮ್ಮ ಹೆಸರನ್ನೇ ಹಾಕಿಕೊಳ್ಳಿ ಸರ್ ಎಂದಳು. ಗಂಡನ ಹೆಸರು! ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಹೆಸರೇನು ಎಂದು ಕೇಳಿದಾಗ, ನಾಲಗೆ ಸರಿಯಿದ್ದ ಕಾಲದಲ್ಲೇ, "ನೀನು ಹೇಳೇ" ಎಂದು ನನ್ನನ್ನು ಮೊಣಕೈಯಿಂದ ತಿವಿದವಳು ನನ್ನ ಅಕ್ಕ.

ಅಕ್ಕನ ಮಗಳು ಶನಿವಾರ ಬಂದಳು. ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್, ಇಟ್ಸ್ ಜಸ್ಟ್ ಹಾಫ್ ಎ ಸೆಕೆಂಡ್" ಎಂದಳು.

"ನಿಮ್ಮಮ್ಮ ನನ್ನ ಕರೆಯೋದೇ ಅಷ್ಟು ಹೊತ್ತು ಕಣೇ" ಎಂದರು ಭಾವ.

ಆಮೇಲೆ ಅವಳೇ ಕೂತು ರೆಕಾರ್ಡಿನ ಮುಂದೆ ಸ್ವಲ್ಪ ಮೌನ ಸೇರಿಸಿದಳು. ಪೆಟ್ಟಿಗೆಯ ಆ್ಯಪ್ಪು ಮಹಾ ಶಿಸ್ತಿನದು, ಖಾಲಿ ಜಾಗ ಕಂಡ ಕೂಡಲೇ ಕತ್ತರಿಸಿ ಬಿಸಾಡಿತು. ಆಗ ನಾನೊಂದು ಘನವಾದ ಸಲಹೆ ಕೊಟ್ಟೆ: ಮುಂದೆ ಒಂದು ಕೆಮ್ಮು ಸೇರಿಸಿ, ಕೆಮ್ಮನ್ನು ಪೆಟ್ಟಿಗೆ ನುಂಗಲಿ, ಪದ ಉಳಿಯಲಿ! ಮಗಳು ತನ್ನದೇ ಕೆಮ್ಮನ್ನು ಅಂಟಿಸಿದಳು. ಪೆಟ್ಟಿಗೆ ಮಲಗಿದ್ದಾಗ ಎಲ್ಲಾ ಸರಿ. ಎಚ್ಚರವಿದ್ದಾಗ ಮಾತ್ರ ಪ್ರತಿ ಪದಕ್ಕೂ ಮೊದಲು ಕೆಮ್ಮು! ಈ ಕಾಯಿಲೆಯಲ್ಲಿ ಕೆಮ್ಮು ಎಂದರೆ ಅನ್ನನಾಳದ್ದು ಶ್ವಾಸನಾಳಕ್ಕೆ ಹೋಯಿತು ಎಂದರ್ಥ. ಅಕ್ಕ "ಟೀವಿ ಆರಿಸಿ" ಎಂದಾಗಲೆಲ್ಲ ಭಾವ ಎದ್ದು ಬಿದ್ದು ಓಡಿ, ಎರಡು ಸಲ ಕುರ್ಚಿಗೆ ಕಾಲು ಬಡಿದುಕೊಂಡರು. ಕೆಮ್ಮನ್ನು ಅಂದೇ ಕಿತ್ತೆಸೆದೆವು.

"ಇದು ಮೇಲ್ಮೇಲೆ ರಿಪೇರಿ ಆಗೋದಲ್ಲ ಕಣಮ್ಮಾ, ತಳದಲ್ಲಿ ಕಟ್ಕೊಂಡಿದೆ" ಎಂದು ಭಾವ ಘೋಷಿಸಿದರು. ತಳ ಎಂದರೆ ಕರ್ನಲ್. ಯಂತ್ರದ ಒಡಲಲ್ಲಿದ್ದು, ಯಾರು ಏಳಬೇಕು, ಯಾರು ಮಲಗಬೇಕು ಎಂದು ಹುಕುಂ ಮಾಡುವ ಪ್ರೋಗ್ರಾಮು. ಅದರ ಮೂಲಪಾಠ, ಅಂದರೆ ಸೋರ್ಸ್ ಕೋಡು, ಯಾರು ಕೇಳಿದರೂ ಕೊಡಬೇಕಂತೆ, ಕಂಪನಿ ಕೊಟ್ಟಿತು. ಅದರಲ್ಲಿ ಧ್ವನಿಗೆ ನಿದ್ದೆ ಬರಿಸುವ ಸಾಲನ್ನು ಹುಡುಕಿ ತಿದ್ದಿ, ಮತ್ತೆ ಪೆಟ್ಟಿಗೆಗೆ ತುಂಬಬೇಕು.

ಅಷ್ಟೇ ತಾನೇ ಎಂದುಕೊಂಡೆ. ತಿದ್ದುವುದು ಒಂದು ಸಾಲು, ಅದಕ್ಕೆ ಅಡುಗೆಮನೆ ಹೂಡುವುದಕ್ಕೇ ತಿಂಗಳುಗಟ್ಟಲೆ! ಪೆಟ್ಟಿಗೆಯೊಳಗೆ ಬೇಯಿಸುವಂತಿಲ್ಲ, ಲ್ಯಾಪ್‌ಟಾಪಿನಲ್ಲಿ ಬೇಯಿಸಿ ಪೆಟ್ಟಿಗೆಗೆ ಬಡಿಸಬೇಕು. ಬೇಯಿಸುವ ಸಾಮಾನಿಗೆ ಕಂಪೈಲರು ಎಂದು ಹೆಸರು. ಅದು ಪೆಟ್ಟಿಗೆಯ ಜಾತಕಕ್ಕೆ ಹೊಂದಬೇಕು. ಹೊಸ ಕಂಪೈಲರು ಹಾಕಿದರೆ ಹಳೇ ಕರ್ನಲ್ ಸಿಡುಕುತ್ತದೆ. ಹಳೇ ಕಂಪೈಲರು ಹಾಕೋಣವೆಂದರೆ ಹೊಸ ಲ್ಯಾಪ್‌ಟಾಪು ಒಳಗೆ ಸೇರಿಸುವುದಿಲ್ಲ. ಅತ್ತೆ ಸೊಸೆ ಇಬ್ಬರಿಗೂ ಹೊಂದುವ ಮೂರನೆಯವರಾಗಿ ಒಂದು ಹಳೇ ಲ್ಯಾಪ್‌ಟಾಪು ಬಂತು. ಊಟದ ಮೇಜು ತುಂಬಿತು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದೆವು.

ಈ ಊರಿನಲ್ಲಿ ಕಣ್ಣು ಮುಚ್ಚಿ ಕೈ ಚಾಚಿದರೆ ಒಬ್ಬ ಸಾಫ್ಟ್‌ವೇರು ಎಂಜಿನಿಯರು ಸಿಗುತ್ತಾನೆ. ಹಾಸನದ ಕಡೆಯ ಒಬ್ಬರು ಬಂದರು, ಅಕ್ಕಿರೊಟ್ಟಿ ತಿಂದರು, "ಅಂಕಲ್, ಕರ್ನಲ್ ತುಂಬಾ ಹಳೇದು" ಎಂದು ಹೇಳಿ ಹೋದರು. ಪೂರ್ತಿ ನಾನೇ ಮಾಡಿಕೊಡುತ್ತೇನೆ ಎಂದ ಇನ್ನೊಬ್ಬರನ್ನು ಭಾವನೇ ಬೇಡವೆಂದರು. ನನಗೆ ರೇಗಿತು.

"ಯಾಕೆ ಭಾವ, ಗೊತ್ತಿರೋರು ಮಾಡಿದ್ರೆ ನಿಮ್ಗೇನು?"

"ಅವ್ರು ಕೆಡಿಸಿದ್ರೆ ನಾನು ಜೀವನ ಪೂರ್ತಿ ಅವ್ರನ್ನ ಬೈತಿರ್ತೀನಿ ಕಣಮ್ಮಾ. ನಾನೇ ಕೆಡಿಸಿದ್ರೆ ನಿಮ್ಮಕ್ಕನೇ ಬೈತಾಳೆ. ಅದು ಅಭ್ಯಾಸ ಇದೆ."

ಮೈಸೂರಿನಿಂದ ಅಮ್ಮ ಫೋನು ಮಾಡಿದಾಗ ಅವಸರದಲ್ಲಿದ್ದ ನಾನು, "ಅಕ್ಕನ ಮಾತಿಗೆ ಕರ್ನಲ್ ಅಡ್ಡ ಬರ್ತಿದೆಯಮ್ಮ, ಭಾವ ಸರಿ ಮಾಡ್ತಿದಾರೆ" ಎಂದು ಹೇಳಿ ಇಟ್ಟೆ. ಮರುದಿನ ಅಮ್ಮನ ಧ್ವನಿಯಲ್ಲಿ ಕೋಪ. "ಮಿಲಿಟ್ರಿಯೋನಾದ್ರೆ ಏನಂತೆ? ಕಾಯಿಲೆ ಹೆಂಗಸು ಮಾತಾಡಿದ್ರೆ ಅವನಿಗೇನು ತೊಂದ್ರೆ? ಅವನ ಹೆಂಡ್ತಿ ಹತ್ರ ನಾನು ಮಾತಾಡ್ತೀನಿ, ಫೋನ್ ಕೊಡು!" ನಾನು ನಕ್ಕು ನಕ್ಕು ಅಕ್ಕನಿಗೆ ಹೇಳಿದೆ. ಅವಳ ಮುಖ ನಗುವುದನ್ನು ಬಿಟ್ಟು ಬಹಳ ಕಾಲವಾಗಿದೆ, ಆದರೆ ಕಣ್ಣು ನಕ್ಕಿತು. ಪರದೆಯತ್ತ ನೋಡಿದಳು. "ಮ್ಮ" ಎಂದಿತು ಪೆಟ್ಟಿಗೆ.

ನಿಜವಾದ ಭಯ ಬೇರೆಯೇ ಇತ್ತು. ತಪ್ಪು ಕರ್ನಲ್ ತುಂಬಿದರೆ ಪೆಟ್ಟಿಗೆ ಏಳುವುದೇ ಇಲ್ಲ. ಹೊಸದು ಬರುವವರೆಗೆ ಅಕ್ಕನಿಗೆ ಈ ಅರ್ಧಂಬರ್ಧ ಮಾತೂ ಇಲ್ಲ. ಅಷ್ಟರಲ್ಲಿ ಕಣ್ಣು ದಣಿದುಬಿಟ್ಟರೆ? ಹಾಗಾಗಿ ಭಾವ ಎಲ್ಲೆಲ್ಲೋ ವಿಚಾರಿಸಿ, ಬೆರ್ರಿಯೆಸಾದ ಒಂದು ಮನೆಯಿಂದ ಅಂಥದೇ ಇನ್ನೊಂದು ಪೆಟ್ಟಿಗೆ ತಂದರು. ಗಾಜು ಒಡೆದಿತ್ತು. ಅದನ್ನು ಬಳಸುತ್ತಿದ್ದವರು ತೀರಿಕೊಂಡಿದ್ದರು. ಕೊಟ್ಟ ಹೆಂಗಸು ಏನೂ ಕೇಳಲಿಲ್ಲವಂತೆ, ಪೆಟ್ಟಿಗೆಯ ಧೂಳನ್ನು ಸೆರಗಿನಿಂದ ಒರೆಸಿ ಕೊಟ್ಟರಂತೆ. ಭಾವ ಆ ದಿನ ಊಟ ಮಾಡಲಿಲ್ಲ.

ಒಡೆದ ಪೆಟ್ಟಿಗೆಯ ಮೇಲೆ ಪ್ರಯೋಗ ಶುರುವಾಯಿತು. ಪರೀಕ್ಷೆಗೆ ಭಾವ ತಮ್ಮದೇ ಧ್ವನಿಯಲ್ಲಿ ಒಂದು ಪದ ತುಂಬಿದರು. ಯಾವ ಪದ? ಇನ್ಯಾವುದು, "ಮೋರಿ"! ಮೊದಲಕ್ಷರ ನುಂಗಿ ಅದು "ರಿ" ಎನ್ನುತ್ತಿತ್ತು. ಅಕ್ಕನಿಗೆ ಹೇಳಲಾಗದ ಪದವನ್ನು ಈ ಒಡಕು ಪೆಟ್ಟಿಗೆ ಮಂಡ್ಯದ ಗಂಡುದನಿಯಲ್ಲಿ ದಿನವಿಡೀ ಕೂಗುತ್ತಿತ್ತು. ಮೊದಲ ಸಲ ಹೊಸ ಕರ್ನಲ್ ತುಂಬಿದಾಗ ಅದೂ ನಿಂತಿತು. ಪರದೆ ಕಪ್ಪಾಯಿತು. ಹೀಗೆ ಸತ್ತ ಯಂತ್ರಕ್ಕೆ ಇಲ್ಲಿನವರು ಇಟ್ಟಿಗೆ ಎನ್ನುತ್ತಾರೆ. "ಇಷ್ಟು ದಿನಕ್ಕೆ ನನಗೆ ಅರ್ಥ ಆಗೋ ಒಂದು ಪದ ಹೇಳಿದ್ರಪ್ಪ!" ಎಂದರು ಸಿವಿಲ್ ಎಂಜಿನಿಯರು. ನಕ್ಕವರು ಹಾಗೇ ತಲೆಯ ಮೇಲೆ ಕೈಹೊತ್ತು ಕೂತರು.

ಇಟ್ಟಿಗೆಯನ್ನು ಮತ್ತೆ ಎಬ್ಬಿಸಲು ವಾರಗಳು ಹಿಡಿದವು. ಆಮೇಲೊಂದು ದಿನ ನಾನು ಬಾಗಿಲು ತೆಗೆದು ಒಳಗೆ ಕಾಲಿಡುವಾಗ ಸ್ಪಷ್ಟವಾಗಿ ಕೇಳಿಸಿತು: "ಮೋರಿ!"

ಆದರೂ ಭಾವ ಅಕ್ಕನ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಇವತ್ತು ಕರೆಂಟು ಸರಿಯಿಲ್ಲ, ನಾಳೆ ನರ್ಸು ಬರುತ್ತಾಳೆ ಎಂದು ಸಬೂಬು. ಕೊನೆಗೆ ಒಂದು ಬೆಳಗ್ಗೆ ಅವಳ ಮುಂದೆ ಮಂಡಿಯೂರಿ ಕೂತು ಕೇಳಿದರು. "ನೋಡೇ, ಕೆಟ್ರೆ ಇದೂ ಹೋಗುತ್ತೆ. ಹೀಗೇ ಇರ್ಲಿ ಅಂದ್ರೆ ಹೀಗೇ ಇರ್ಲಿ. ಹಾಕ್ಲಾ, ಬೇಡ್ವಾ?"

ಅಕ್ಕ ಅವರನ್ನು ನೋಡಿದಳು. ಆಮೇಲೆ ಪರದೆಯನ್ನು ನೋಡಿದಳು. "ಕು" ಎಂದಿತು ಪೆಟ್ಟಿಗೆ.

"ಬೇಕಾ?" ಎಂದರು ಭಾವ. ಅಕ್ಕ ಹೌದೆಂದು ಹುಬ್ಬು ಎತ್ತಿದಳು.

ತಂತಿ ಸಿಕ್ಕಿಸಿದರು. ಪರದೆ ಕಪ್ಪಾಯಿತು. ನಾನು ಅಕ್ಕನ ಕೈ ಹಿಡಿದು ಕೂತೆ, ಅದು ತಣ್ಣಗಿತ್ತು. ಭಾವನಿಗೆ ಅಲ್ಲಿ ನಿಲ್ಲಲಾಗಲಿಲ್ಲ, "ಪಾತ್ರೆ ತೊಳೀಬೇಕು" ಎಂದು ಅಡುಗೆಮನೆಗೆ ಹೋಗಿಬಿಟ್ಟರು. ಪರದೆ ಕಪ್ಪಾಗಿಯೇ ಇತ್ತು. ಕರ್ನಲ್ಲಿಗೂ ಚರಂಡಿಗೂ ಆ ಕಾಯಿಲೆಗೂ ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಮನಸ್ಸಿನಲ್ಲೇ ಬೈದೆ. ಆಮೇಲೆ ಬೆಳಕು ಬಂತು, ಪದಗಳು ಒಂದೊಂದಾಗಿ ಬಂದು ಕೂತವು. ಅಕ್ಕನ ಕಣ್ಣು ಹುಡುಕಲಿಲ್ಲ, ನೇರವಾಗಿ ಹೋಗಿ ನಿಂತಿತು.

"ರೀ."

ಅಕ್ಕನದೇ ಧ್ವನಿ. ಕೊನೆಗೆ ಸ್ವಲ್ಪ ಎಳೆದು, ಸ್ವಲ್ಪ ಗದರಿಸಿ ಕರೆಯುವ ಅದೇ ಧ್ವನಿ. ನನಗೆ ಅಳು ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಮಾತ್ರ ಸದ್ದೇ ಇಲ್ಲ. ಈ ಮನುಷ್ಯನಿಗೆ ಕಿವಿಯೂ ಹೋಯಿತೇ ಎಂದು ಎದ್ದು ಹೋದೆ. ನಲ್ಲಿ ನಿಲ್ಲಿಸಿದ್ದರು. ಭಾವ ಒದ್ದೆ ಲೋಟ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ಭಾವ, ಅಕ್ಕ ಕರೀತಿದಾಳೆ. ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣಮ್ಮಾ."

"ಮತ್ತೆ ಹೋಗಿ!"

"ತಡಿ," ಎಂದರು. "ಇನ್ನೊಂದ್ಸಲ ಕರೀಲಿ."