ಕೌದಿಗೆ ಒಂದು ತುತ್ತು

ಸೋಲೊಪ್ಪಿಕೊಳ್ಳುವುದು ನನಗೆ ಬಾರದ ವಿದ್ಯೆಗಳಲ್ಲಿ ಒಂದು, ಹೊಲಿಗೆ ಇನ್ನೊಂದು. ವಡೋದರಾದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳ ಮೈಕು ಹಿಡಿದವಳು ನಾನು. ದೆವ್ವ ಉಂಟು ಎಂದವರನ್ನು ನಾಲ್ಕೇ ನಿಮಿಷದಲ್ಲಿ ಬಾಯಿ ಮುಚ್ಚಿಸಿ ಕೂರಿಸಿದ್ದೇನೆ. ಚೀಟಿಯಲ್ಲಿ ಎದುರು ಪಕ್ಷ ಬಂದ ದಿನ, ಇಲ್ಲ ಎಂದವರನ್ನೂ ಅಷ್ಟೇ ಹೊತ್ತಿನಲ್ಲಿ ಕೂರಿಸಿದ್ದೇನೆ. ಅಂಥವಳು ಹೋದ ಮೇ ತಿಂಗಳಲ್ಲಿ ಒಂದು ಕೌದಿಯೆದುರು ಸೋತೆ.

ಸೂರತ್ತಿನಲ್ಲಿರುವ ಅಕ್ಕನಿಗೆ ಆಗ ಏಳು ತಿಂಗಳು. ಹುಟ್ಟುವ ಕೂಸನ್ನು ಅಜ್ಜಿಯ ಸೀರೆಗಳ ತುಂಡು ಜೋಡಿಸಿ ಹೊಲಿದ ಕೌದಿಯಲ್ಲೇ ಮಲಗಿಸಬೇಕೆಂಬುದು ಅವಳ ಒಂದೇ ಆಸೆ. ಅಜ್ಜಿ ಹೋಗಿ ವರ್ಷವಾಗಿತ್ತು. ಅವಳ ಸೀರೆಗಳು ಚಾಂದ್‌ಖೇಡಾದ ನಮ್ಮ ಕ್ವಾರ್ಟರ್ಸಿನ ಟ್ರಂಕಿನಲ್ಲಿದ್ದವು. ಅವ್ವನ ಕಣ್ಣಿಗೆ ಆಪರೇಷನ್ ಆಗಿದ್ದರಿಂದ ಸೂಜಿ ನನ್ನ ಪಾಲಿಗೆ ಬಂತು. "ಕೈಗೆ ಸಿಕ್ಕಿದ್ದು ಹಚ್ಚಕೋತ ಹೋಗವಾ, ಬಣ್ಣ ತಾವ ಹೊಂದಕೋತಾವ" ಎಂದಳು ಅವ್ವ. ಆಧಾರವಿಲ್ಲದ ಹೇಳಿಕೆ! ನಾನು ವಿಡಿಯೋ ನೋಡಿ ಪದ್ಧತಿ ಕಲಿತೆ. ದಾಳಿಂಬೆ ಕೆಂಪಿಗೆ ಗಿಳಿಹಸಿರು ಪ್ರತಿಪಕ್ಷ, ಅರಿಸಿನಕ್ಕೆ ನವಿಲುನೀಲಿ, ಬೂದಿಬಣ್ಣ ತೀರ್ಪುಗಾರ. ತುಂಡುಗಳನ್ನು ನೆಲಕ್ಕೆ ಹಾಸಿ ಫೋಟೊ ತೆಗೆದು, ಫೋನಿನಲ್ಲಿ ಬಣ್ಣ ಅಳಿಸಿ ಕಪ್ಪುಬಿಳುಪು ಮಾಡಿದರೆ ಗಾಢ ಎಲ್ಲಿ, ತಿಳಿ ಎಲ್ಲಿ ಎಂಬುದು ತಿಳಿಯುತ್ತದಂತೆ.

ತಿಳಿಯಿತು. ಮಧ್ಯಾಹ್ನ ಎರಡು ಗಂಟೆ, ಬಿಸಿಲಿಗೆ ಇಡೀ ಕಾಲೊನಿ ಉಸಿರು ಹಿಡಿದಂತಿತ್ತು. ಬಣ್ಣ ಹೋದ ಚಿತ್ರದ ನಡುವೆ ಯಾರೋ ಮೊಣಕಾಲು ಮಡಚಿ, ತಲೆ ತಗ್ಗಿಸಿ ಕೂತಿದ್ದರು.

ಮೋಡದಲ್ಲಿ ಆನೆ ಕಾಣುವುದು ಮಿದುಳಿನ ಚಾಳಿ ಎಂದುಕೊಂಡು ಗಾಢ ತುಂಡುಗಳನ್ನೆಲ್ಲ ಅಂಚಿಗೆ ಚದುರಿಸಿದೆ. ಮತ್ತೆ ಫೋಟೊ. ಈಗ ಅವರು ಅಂಚಿನಲ್ಲಿ ಕೂತಿದ್ದರು. ಅಂಗೈ ಮುಂದೆ ಚಾಚಿತ್ತು. ಏನೂ ಹೇಳದೆ ಎರಡನ್ನೂ ಅಕ್ಕನಿಗೆ ಕಳಿಸಿ, ಯಾವುದು ಚೆಂದ ಎಂದು ಕೇಳಿದೆ. ಕೂಡಲೇ ಫೋನು ಮಾಡಿದಳು. "ಎರಡೂ ಚಂದ ಅದಾವ. ಆದ್ರ ಕೌದಿ ಮ್ಯಾಲ ಯಾರನ್ನ ಕುಂದರ್ಸಿದಿ?" ಮೋಡ, ಆನೆ, ಮಿದುಳು ಎಂದು ಇಪ್ಪತ್ತು ನಿಮಿಷ ವಾದಿಸಿದೆ. ಪೂರ್ತಿ ಕೇಳಿಸಿಕೊಂಡು ಅಂದಳು: "ವಾದ ನೀನ ಗೆದ್ದಿ. ಕೌದಿ ಮಾತ್ರ ಕಳಸಬ್ಯಾಡ. ನನ್ನ ಕೂಸಿಗೆ ಅದು ಬ್ಯಾಡ." ಫೋನು ಇಟ್ಟೇಬಿಟ್ಟಳು. ಗೆದ್ದು ಇಷ್ಟು ಕೆಟ್ಟದೆನಿಸಿದ್ದು ಅದೇ ಮೊದಲು.

ಅವ್ವ ಕನ್ನಡಕ ಏರಿಸಿ ಫೋಟೊ ನೋಡಿದಳು, ಹೆದರಲಿಲ್ಲ. "ನಿಮ್ಮಜ್ಜಿ ಊಟಕ್ಕ ಕುಂತಂಗ ಕಾಣಸ್ತದ. ಕೌದಿಗೆ ಉಣಸ್ತಿ ಹೌದಿಲ್ಲೊ?" ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರೊಂದನ್ನು ಇಡುವುದು ಅಜ್ಜಿಯ ಪದ್ಧತಿ, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ. ಇರುವೆ ಬರುತ್ತವೆ, ಬೂಸು ಹಿಡಿಯುತ್ತದೆ ಎಂದು ನಾನು ಎರಡು ಆಕ್ಷೇಪ ಎತ್ತಿದೆ. ಕೊನೆಗೆ ಒಂದು ವೈಜ್ಞಾನಿಕ ರಾಜಿಗೆ ಬಂದೆ: ಖಾಖ್ರಾ. ಇಲ್ಲಿಯವರ ರೊಟ್ಟಿ, ಹಪ್ಪಳದಂತೆ ಗರಿಗರಿ, ಒಣಗಿದ್ದು, ತಿಂಗಳಿಟ್ಟರೂ ಕೆಡದು. ಇದೆಲ್ಲ ಅಕ್ಕನ ಸಮಾಧಾನಕ್ಕೇ ಹೊರತು ನನ್ನ ನಂಬಿಕೆಗಲ್ಲ ಎಂದು ಅವ್ವನಿಗೆ ಎರಡು ಸಲ ಹೇಳಿದೆ.

ಹದಿನೈದು ದಿನ ಬೆರಳು ಚುಚ್ಚಿಕೊಂಡು ಹೊಲಿದು, ಖಾಖ್ರಾ ಇಟ್ಟು ಮೂಲೆ ಮುಚ್ಚಿದೆ. ಮರುದಿನ ಮಧ್ಯಾಹ್ನ ಫೋಟೊ ತೆಗೆದೆ. ಅವರು ಎದ್ದಿರಲಿಲ್ಲ. ತಲೆ ಮಾತ್ರ ಆ ಮೂಲೆಯತ್ತ ತಿರುಗಿತ್ತು.

"ಏನಿಟ್ಟಿದ್ದಿ?" ಎಂದಳು ಅವ್ವ.

"ಖಾಖ್ರಾ."

"ಅಯ್ಯ ನಿನ್ನ! ನಿಮ್ಮಜ್ಜಿಗೆ ಹಲ್ಲೆಲ್ಲಿದ್ದುವ?"

ಇಲ್ಲದವರಿಗೆ ಹಲ್ಲಿದ್ದರೇನು, ಇಲ್ಲದಿದ್ದರೇನು? ಅಖಂಡನೀಯ ವಾದ. ಅದನ್ನು ಮನಸ್ಸಿನಲ್ಲೇ ಮಂಡಿಸುತ್ತ ಮೂಲೆಯ ಹೊಲಿಗೆ ಬಿಚ್ಚಿದೆ. ತುಟಿ ಒಡೆಯುವಂಥ ಒಣಗಾಳಿಯಲ್ಲಿ ಖಾಖ್ರಾದ ಒಂದು ಅಂಚು ಮಾತ್ರ ನೆನೆದು ಮೆತ್ತಗಾಗಿತ್ತು, ಯಾರೋ ಬಹಳ ಹೊತ್ತು ಚೀಪಿ ಬಿಟ್ಟಂತೆ. ನಾನು ಅಡಿಗೆಮನೆಗೆ ಹೋಗಿ, ಬಿಸಿ ಚಪಾತಿಯ ಚೂರೊಂದನ್ನು ಕಿವುಚಿ ತಂದು ಇಟ್ಟು, ಮೂಲೆ ಹೊಲಿದೆ.

ಆಮೇಲಿನ ಫೋಟೊದಲ್ಲಿ ಗಾಢ ಇತ್ತು, ತಿಳಿ ಇತ್ತು, ಯಾರೂ ಇರಲಿಲ್ಲ. ಅಕ್ಕ ನೋಡಿ ಫೋನು ಮಾಡಿ, "ಇದನ್ನ ಕಳಸು" ಎಂದಳು. "ಏನ್ ಮಾಡಿದಿ?"

"ಮೊದಲ ಸಲ ಕಿಟಕಿ ಬೆಳಕು ಓರೆಯಾಗಿ ಬೀಳ್ತಿತ್ತು, ಪರದೆ ಸರಿಮಾಡಿದೆ" ಎಂದು ವೈಜ್ಞಾನಿಕವಾಗಿಯೇ ವಿವರಿಸಿದೆ. ಚಪಾತಿಯ ಚೂರಿಗೆ ತುಪ್ಪ ಸವರಿದ್ದನ್ನು ಮಾತ್ರ ವಾದದಿಂದ ಕೈಬಿಟ್ಟೆ.