ಹೊಗೆ ಕುಡಿದ ಬದನೆ ಬೀಜ

ಬದನೆ ಬೀಜದ ಮೂಟೆಗೆ ಹುಳ ಸಾಯಿಸುವ ಔಷಧದ ಹೊಗೆ ಕೊಟ್ಟು, ಸಂಜೆಯೇ ಹೊರಗೆ ತೆಗೆಯಬೇಕಾಗಿದ್ದನ್ನು ಗೋದಾಮಿನ ಗುಮಾಸ್ತ ಮರೆತು ಮನೆಗೆ ಹೋಗಿದ್ದ. ರಜೆ ಮುಗಿಸಿ ಬಂದು ಬಾಗಿಲು ತೆಗೆದಾಗ ಹುಳಗಳೇನೋ ಸತ್ತಿದ್ದವು. ಬೀಜದ ಗತಿ ಏನಾಯಿತೆಂಬುದು ಮಾತ್ರ ಇವತ್ತು ಬೆಳಿಗ್ಗೆ ಗೊತ್ತಾಯಿತು.

ಬೀಜ ಮೊಳೆಯುತ್ತದೆಯೇ ಎಂದು ಪರೀಕ್ಷೆಗಿಟ್ಟ ಎರಡು ತಟ್ಟೆಗಳಲ್ಲಿ ‘ಹೊಗೆ ಹಾಕದ್ದು’ ಎಂಬ ಚೀಟಿಯ ಹಿಂದಿನದು ಮೊಳಕೆಗಳಿಂದ ಗಿಜಿಗುಡುತ್ತಿತ್ತು. ‘ಹೊಗೆ ಹಾಕಿದ್ದು’ ಎಂಬುದರಲ್ಲಿ ಒಂದು ಬೀಜವೂ ಬಾಯಿ ಬಿಟ್ಟಿರಲಿಲ್ಲ. ಮಧ್ಯಾಹ್ನ ಸಾಹೇಬರು ನೋಡಲು ಬರುವವರಿದ್ದರು. ಇಲ್ಲಿ ಇನ್ನೊಂದು ತಪ್ಪಾದರೆ, ಮಾಡಿದವರು ಯಾರೇ ಆಗಲಿ, ಮನೆಗೆ ಕಳಿಸುತ್ತೇನೆಂದು ಅವರು ಮೊದಲೇ ಪತ್ರ ಬರೆದಿದ್ದರು. ಪಾಪ, ಗುಮಾಸ್ತ ಅತ್ತಿತ್ತ ನೋಡಿ, ಚೀಟಿಗಳನ್ನು ಅದಲು ಬದಲು ಮಾಡಿ, ಏನೂ ಅರಿಯದವನಂತೆ ಚಹಾಕ್ಕೆ ಹೋದ.

ವಾಪಸು ಬಂದಾಗ ಟೈಪಿಸ್ಟ್ ಅಕ್ಕ ಬಾಗಿಲಲ್ಲೇ ಕಾದಿದ್ದಳು.

“ಬೆಳಿಗ್ಗೆ ನಿನ್ನ ತಟ್ಟೆ ನೋಡಿ ಕರುಳು ಚುರುಕ್ ಅಂತು ಕಣೋ. ಕನ್ನಡಕ ತಂದಿಲ್ಲ, ಆದ್ರೂ ನೀನು ಚಹಾಕ್ಕೆ ಹೋದಾಗ ಅಂದಾಜಲ್ಲೇ ಚೀಟಿ ಬದಲಾಯಿಸಿಬಿಟ್ಟೆ.”

ಅವಳಿಗೆ ಕೈಮುಗಿದು ಒಳಗೆ ಓಡಿದ ಗುಮಾಸ್ತ ಮತ್ತೆ ಬದಲಾಯಿಸಿದ. ಕೈ ಒರೆಸಿಕೊಂಡು ಬರುವಷ್ಟರಲ್ಲಿ ವಾಚ್‌ಮನ್ ಗುಟ್ಟಾಗಿ ಪಕ್ಕಕ್ಕೆ ಕರೆದ. ಚೀಟಿ ಮುಟ್ಟಿದರೆ ಸಿಕ್ಕಿಬೀಳುತ್ತಾರೆಂದು ಅವನು ಆ ಚಹಾದ ಹೊತ್ತಿನಲ್ಲೇ ತಟ್ಟೆಗಳನ್ನೇ ಆಚೀಚೆ ಇಟ್ಟು ಬಂದಿದ್ದನಂತೆ.

ಗುಮಾಸ್ತ ಮತ್ತೆ ಒಳಗೆ ಓಡಿದ. ಈಗ ಚೀಟಿ ಬದಲಾಯಿಸಬೇಕೋ, ತಟ್ಟೆಯೋ? ಎರಡನ್ನೂ ಬದಲಾಯಿಸಿ ನೋಡಿದ. ಹೊರಟಲ್ಲಿಗೇ ಬಂದು ನಿಂತಿದ್ದ. ಯಾವುದು ನಿಜ, ಯಾವುದು ತನ್ನ ಸುಳ್ಳು ಎಂಬುದೇ ಮರೆತುಹೋಯಿತು. ಹೊರಗೆ ಜೀಪು ನಿಂತ ಸದ್ದಾದಾಗ ಕಣ್ಣುಮುಚ್ಚಿ ಮತ್ತೊಮ್ಮೆ ಚೀಟಿಗಳನ್ನು ಬದಲಾಯಿಸಿದ.

ಸಾಹೇಬರು ‘ಹೊಗೆ ಹಾಕಿದ್ದು’ ಎಂಬ ಚೀಟಿ ಓದಿ, ಹಿಂದಿದ್ದ ಹಸಿರು ತಟ್ಟೆ ನೋಡಿ ತಲೆದೂಗಿದರು. ಹೊಗೆಯಿಂದ ಬೀಜಕ್ಕೆ ಏನೂ ಆಗಿಲ್ಲವೆಂದರು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಅವರು ಇನ್ನೊಂದು ತಟ್ಟೆಯ ಮೇಲೆ ಬಗ್ಗಿದರು.

“ಹೊಗೆ ಹಾಕದ್ದು ಒಂದೂ ಮೊಳೆತಿಲ್ವಲ್ರೀ. ಗೋದಾಮು ತುಂಬ ಇರೋದು ಇದೇ ಬೀಜ. ಸರಿಯಾಗಿ ಇಡದೆ ಎಲ್ಲಾ ಸಾಯಿಸಿಬಿಟ್ಟಿದ್ದಾರೆ. ಗೋದಾಮು ನೋಡ್ಕೊಳ್ಳೋರು ಯಾರು?”

ಗುಮಾಸ್ತ ನಿಜ ಹೇಳಿದರೆ ಒಂದು ಮೂಟೆ ಕೊಂದವನಾಗುತ್ತಿದ್ದ, ಸುಳ್ಳಿಗೇ ಅಂಟಿಕೊಂಡರೆ ಇಡೀ ಗೋದಾಮನ್ನು. ಅಷ್ಟರಲ್ಲಿ, ಬಾಗಿಲಾಚೆಯಿಂದ ‘ಏನೂ ಆಗಿಲ್ಲ’ ಎಂಬುದನ್ನೂ ‘ಯಾರು’ ಎಂಬುದನ್ನೂ ಮಾತ್ರ ಕೇಳಿಸಿಕೊಂಡಿದ್ದ ಅಕ್ಕನೂ ವಾಚ್‌ಮನ್ನನೂ, ಬೆಳಗಿನಿಂದ ಮಾಡಿದ ಉಪಕಾರ ಸಾಲದೆಂಬಂತೆ, ಹಿಗ್ಗಿನಿಂದ ಅವನನ್ನು ಮುಂದಕ್ಕೆ ತಳ್ಳಿದರು.

“ಇವನೇ ಸರ್,” ಎಂದಳು ಅಕ್ಕ. “ಬೇರೆ ಯಾರ್ನೂ ಕೈ ಹಾಕೋಕೆ ಬಿಡಲ್ಲ. ಎಲ್ಲಾ ಇವನೊಬ್ಬನೇ ನೋಡ್ಕೊಳ್ಳೋದು.”