ದೊಡ್ಡಪ್ಪನ ಬಸ್ಸು, ದೊಡ್ಡಮ್ಮನ ದೀಪ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಲು ಬಸ್ಸು ಹತ್ತಿದವರನ್ನು ನೀವು ನೋಡಿರುತ್ತೀರಿ. ಬಸ್ಸು ಕೊಂಡವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ದೊಡ್ಡಪ್ಪ. ಹದಿನೆಂಟು ಕಿಲೋಮೀಟರ್ ದಾರಿ, ಕೈ ತೋರಿಸಿದರೆ ನಿಲ್ಲುವ ಬಸ್ಸುಗಳು, ಒಂದು ತಪ್ಪಿದರೆ ಬೆನ್ನಿಗೇ ಇನ್ನೊಂದು. ಆದರೂ ಕೊಂಡರು!

ಇದನ್ನು ಬರೆಯುವ ಮೊದಲು ಹಳೆಯ ಡೈರಿ ತೆಗೆದು ನೋಡಿದೆ. ತೊಂಬತ್ತೇಳನೇ ಇಸವಿಯದೋ ತೊಂಬತ್ತೆಂಟರದೋ, ರಟ್ಟು ಹರಿದುಹೋಗಿದೆ. ಅದರಲ್ಲಿ ಇರುವುದು ಇಷ್ಟೇ: "ದೊಡ್ಡಪ್ಪ ಬಸ್ಸು ತಂದರು. ಹಸಿರು ಬಣ್ಣ." ನನ್ನ ನೆನಪಿನಲ್ಲಿ ಮಾತ್ರ ಆ ಬಸ್ಸು ಅಪ್ಪಟ ನೀಲಿ. ಇಂಥ ಸಾಕ್ಷಿಯನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು. ಬಣ್ಣವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಿಜ ಎಂದು ನಾನಂತೂ ನಂಬಿದ್ದೇನೆ.

ದೊಡ್ಡಪ್ಪ ಭದ್ರಾವತಿಯ ಒಂದು ಕಾರ್ಖಾನೆಯ ಅಗ್ನಿಶಾಮಕ ವಿಭಾಗದಲ್ಲಿ ಮೂವತ್ತು ವರ್ಷ ಫೈರ್ ಇಂಜಿನ್ ಓಡಿಸಿದವರು. ಬೆಂಕಿ ಆರಿಸುವುದೇ ಕಸುಬು. ಅಂಥವರ ಮನೆಯಲ್ಲಿ ಆರಲೇಬಾರದ ಒಂದು ದೀಪ! ಅದು ಅವರ ತಾಯಿ ಹಚ್ಚಿದ ನಂದಾದೀಪ. ಆಕೆ ಕಣ್ಣು ಮುಚ್ಚುವ ಮೊದಲು ಸೊಸೆಯ ಕೈ ಹಿಡಿದು, "ಇದು ಆರಬಾರದು, ಮನೆ ಬಿಟ್ಟು ಇನ್ನೊಬ್ಬರ ಮನೆಗೂ ಹೋಗಬಾರದು" ಎಂದು ಮಾತು ತೆಗೆದುಕೊಂಡಿದ್ದರು. ಆ ಸೊಸೆಯೇ ನನ್ನ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ. ಅಂದಿನಿಂದ ಇಪ್ಪತ್ತೆರಡು ವರ್ಷ ದೊಡ್ಡಮ್ಮ ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಿದವರಲ್ಲ. ನಾನು ಹುಟ್ಟಿದಾಗಲೂ ಬೆಳಿಗ್ಗೆ ಬಂದು, ನನ್ನನ್ನು ಎತ್ತಿಕೊಂಡು, ಮೂಗು ಯಾರದೆಂದು ತೀರ್ಮಾನಿಸಿ, ಎಣ್ಣೆಯ ಹೊತ್ತಾಯಿತೆಂದು ಸಂಜೆಯೊಳಗೆ ಹೊರಟುಬಿಟ್ಟರಂತೆ.

ಹೀಗಿರುವಾಗ ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ನಮ್ಮಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದರು. ಎರಡು ತಿಂಗಳು ಸಮಯವಿತ್ತು. ಅಮ್ಮ ಯಾವುದಕ್ಕೂ ಹಟ ಹಿಡಿಯುವವಳಲ್ಲ. ಅವತ್ತು ಮಾತ್ರ ಹೇಳಿದಳು: "ಆಪರೇಷನ್ ಆದಮೇಲೆ ಎಂಟು ದಿನ ಅಕ್ಕ ನನ್ನ ಜೊತೆ ಇರಬೇಕು. ಇಲ್ಲದಿದ್ದರೆ ನಂಗೆ ಆಪರೇಷನ್ನೇ ಬೇಡ." ಅದರಲ್ಲಿ ತಪ್ಪೇನಿತ್ತು? ಅಪ್ಪನೂ ನಾನೂ ಸೇರಿ ಕಾದು ಕುಳಿತರೂ ಹಾಲು ಉಕ್ಕಿಹೋಗುವ ಮನೆ ನಮ್ಮದು.

ಈ ಸುದ್ದಿ ಕೇಳಿ ದೊಡ್ಡಪ್ಪ ಒಂದು ವಾರ ಅಂಗಳದಲ್ಲಿ ಶತಪಥ ಹಾಕಿದರು. ಆಗತಾನೆ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು, ಯೋಚಿಸಲು ಪುರಸೊತ್ತಿತ್ತು. ಎಂಟನೇ ದಿನ ಉತ್ತರ ಸಿಕ್ಕಿತು.

"ದೀಪ ಮನೆ ಬಿಟ್ಟು ಹೋಗೋ ಹಾಗಿಲ್ಲ, ಸರಿ. ಮನೆಯೇ ಹೋದರೆ ಯಾರು ಬೇಡ ಅಂತಾರೆ?"

ಮಾರನೇ ದಿನ ಒಂದು ಮುದಿ ಬಸ್ಸು ಬಂದು ಅವರ ಮನೆಯ ಮುಂದೆ ಕೆಮ್ಮುತ್ತಾ ನಿಂತಿತು.

ಸೀಟು ಕಿತ್ತರು. ಎರಡು ಮಂಚ, ಒಂದು ಅಡುಗೆಕಟ್ಟೆ, ನೀರಿನ ಡ್ರಮ್ಮು, ದೀಪಕ್ಕೆ ಗಾಜಿನ ಬಾಗಿಲಿನ ಗೂಡು. ಗೂಡನ್ನು ನಾಲ್ಕು ಸ್ಪ್ರಿಂಗಿನ ಮೇಲೆ ಕೂರಿಸಿದ್ದರು. ನಮಗೆ ಕೂರಲು ಬರಿ ಹಲಗೆ! ಇಷ್ಟಾದ ಮೇಲೆ ಅದು ಮನೆ ಅನ್ನಿಸಿಕೊಳ್ಳಬೇಕಲ್ಲ, ಗೃಹಪ್ರವೇಶ ಇಟ್ಟುಕೊಂಡರು. ಹಸುವನ್ನು ಒಳಗೆ ನಡೆಸಬೇಕು. ಹಸು ಫುಟ್‌ಬೋರ್ಡಿನ ಮೇಲೆ ಮುಂಗಾಲೆರಡನ್ನು ಇಟ್ಟು, ಒಳಗೆ ಇಣುಕಿ, ಪುರೋಹಿತರ ಮುಖ ನೋಡಿತು. ಹಿಂದಿನಿಂದ ಆರು ಜನ ನೂಕಿದರೂ ಅಲ್ಲಾಡಲಿಲ್ಲ. ಪುರೋಹಿತರಿಗೆ ಇನ್ನೊಂದು ಮನೆಗೆ ಹೊತ್ತಾಗುತ್ತಿತ್ತು.

"ತಲೆ ಒಳಗೆ ಬಂತಲ್ಲ, ಸಾಕು. ಶಾಸ್ತ್ರ ತಲೆಗೆ ತಾನೆ?" ಎಂದು ಹೇಳಿ ಕೈ ತೊಳೆದುಕೊಂಡರು. ದೀಪ ಬಸ್ಸಿನ ಗೂಡು ಸೇರಿತು.

ಇನ್ನು ಉಳಿದದ್ದು ಅಭ್ಯಾಸ. ಆಪರೇಷನ್ ಹತ್ತಿರ ಬರುವ ಮೊದಲು ನಾಲ್ಕು ಸಲವಾದರೂ ಓಡಿಸಿ ನೋಡಬೇಕೆಂದು ದೊಡ್ಡಪ್ಪ ಭಾನುವಾರಗಳನ್ನು ಗೊತ್ತುಮಾಡಿದರು. ನಾನು ಎಂ.ಎ. ಓದುತ್ತಿದ್ದೆ, ಹಾಗಾಗಿ ಕೆಲಸವಿಲ್ಲದವನೆಂದು ಎಲ್ಲರಿಗೂ ಗೊತ್ತಿತ್ತು. ಕ್ಲೀನರ್ ಆದೆ.

ಈ ಬಸ್ಸಿಗೆ ಡೀಸೆಲ್ ಹಾಕಿಸುವುದು ಒಂದು ಯಜ್ಞ. "ಮನೆಯೊಳಗೆ ಯಾರಾದರೂ ಟ್ಯಾಂಕುಗಟ್ಟಲೆ ಡೀಸೆಲ್ ಇಟ್ಟುಕೊಂಡು ದೀಪ ಹಚ್ಚುತ್ತಾರೇನೋ?" ಎಂದು ದೊಡ್ಡಪ್ಪ ಹತ್ತು ಲೀಟರ್ ಮೀರಿ ಹಾಕಿಸುತ್ತಿರಲಿಲ್ಲ. ಬಸ್ಸೋ ಡೀಸೆಲ್ಲನ್ನು ಮಜ್ಜಿಗೆಯಂತೆ ಕುಡಿಯುತ್ತಿತ್ತು. ಆದ್ದರಿಂದ ಪ್ರತಿ ಪ್ರಯಾಣಕ್ಕೂ ಶಿವಮೊಗ್ಗದ ಹೊರಗಿನ ಮಲವಗೊಪ್ಪದ ಹತ್ತಿರದ ಒಂದು ಬಂಕಿನಲ್ಲಿ ನಿಲ್ಲಲೇಬೇಕು.

ನಾವೆಲ್ಲ ಬಂಕಿಗೆ ಹೋಗಿ ಡೀಸೆಲ್ ಹಾಕಿಸಿಕೊಂಡು ಬರುತ್ತೇವೆ. ದೊಡ್ಡಪ್ಪ ಹಾಗಲ್ಲ. ಯಾರದೋ ಮನೆಗೆ ಹೆಣ್ಣು ಕೇಳಲು ಹೋದಂತೆ ಹೋಗುತ್ತಿದ್ದರು. ಬಸ್ಸನ್ನು ರಸ್ತೆಯ ಬದಿಗೇ ನಿಲ್ಲಿಸಿ, ಚಪ್ಪಲಿಯ ಧೂಳು ಕೊಡವಿ, ಒಬ್ಬರೇ ನಡೆದು ಒಳಗೆ ಹೋಗಿ ನಮಸ್ಕಾರ ಹಾಕುವುದು ಮೊದಲು. ಯಾರ ಬಾಯಲ್ಲಾದರೂ ಬೀಡಿ ಇದೆಯೇ ಎಂದು ಸುತ್ತ ನೋಡುವುದು ಆಮೇಲೆ. ಹಾರ್ನ್ ಒತ್ತುವುದು ಅವಮರ್ಯಾದೆ. ಡೀಸೆಲ್ ಬೀಳುವಾಗ ಬಸ್ಸಿನಲ್ಲಿ ಒಂದು ನರಪಿಳ್ಳೆಯೂ ಇರಕೂಡದು. ಹಿಂದೆ ಸರದಿಯಲ್ಲಿರುವ ಸ್ಕೂಟರಿನವರೂ ಇಳಿದು ನಿಲ್ಲಬೇಕು! ನಮ್ಮ ಬಸ್ಸಿನ ಮೂತಿ ಒಂದು ಪಂಪಿಗೆ, ಬಾಲ ಇನ್ನೊಂದು ಪಂಪಿಗೆ ಅಡ್ಡ. ಸರದಿ ಬೆಳೆಯುತ್ತಿತ್ತು.

"ಯಜಮಾನ್ರೇ, ಹತ್ತು ಲೀಟರಿಗೆ ಇಷ್ಟು ಹೊತ್ತಾ? ಕರು ಹಾಕೋ ಎಮ್ಮೆ ಮುಂದೆ ನಿಂತಂಗಾಯ್ತು!" ಎಂದು ಒಬ್ಬ ಸ್ಕೂಟರಿನವನು ಕೂಗಿದ.

"ಅವಸರದಿಂದಲೇ ಬೆಂಕಿ ಹುಟ್ಟೋದು ಮಾರಾಯ. ಮೊದಲು ಇಂಜಿನ್ ಆಫ್ ಮಾಡು."

"ಆಫ್ ಮಾಡಿ ಕಾಲು ಗಂಟೆ ಆಯ್ತು!"

"ಹಾಗಾದರೆ ನೀನು ಒಳ್ಳೆಯವನು" ಎಂದು ದೊಡ್ಡಪ್ಪ ಅವನ ಬೆನ್ನು ತಟ್ಟಿ ಬಂದರು.

ಪೈಪು ಹಿಡಿಯುತ್ತಿದ್ದ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರೊಬ್ಬರೇ ಇದನ್ನೆಲ್ಲ ತಾಳ್ಮೆಯಿಂದ ನೋಡುತ್ತಿದ್ದವರು. "ಸಾಬ್, ನಿಮ್ಮ ಗಾಡಿ ಬಂದ ದಿನ ನಾನು ಗಡ್ಡ ಕತ್ತರಿಸಿಕೊಂಡು ಬರಲ್ಲ. ಹೇಗೂ ಮುಗಿಯೋ ಹೊತ್ತಿಗೆ ಮತ್ತೆ ಬೆಳೆದಿರುತ್ತೆ" ಅನ್ನುತ್ತಿದ್ದರು.

ಆದರೆ ಎಲ್ಲಕ್ಕಿಂತ ದೊಡ್ಡ ತೊಡಕು ದೀಪದ್ದೇ. ಬಂಕಿನೊಳಗೆ ಉರಿಯುವ ದೀಪವೇ? ಫೈರ್ ಇಂಜಿನ್ ಓಡಿಸಿದವರಿಂದ ಅದು ಸಾಧ್ಯವೇ? ಹಾಗೆಂದು ಆರಿಸುವಂತೆಯೂ ಇಲ್ಲ. ದೊಡ್ಡಪ್ಪ ಬಂಕಿನಿಂದ ರಸ್ತೆಗುಂಟ ನೂರು ಹೆಜ್ಜೆ ಅಳೆದರು. ಅಲ್ಲಿ ಒಂದು ಹುಣಸೆಮರ. "ಡೀಸೆಲ್ ಹಾಕಿ ಮುಗಿಯೋತನಕ ದೀಪ ಇಲ್ಲಿರಲಿ. ರಸ್ತೆ ಯಾರ ಮನೆಯೂ ಅಲ್ಲ, ಇದು ನಮ್ಮ ಅಂಗಳದ ಲೆಕ್ಕ" ಎಂದು ತೀರ್ಪು ಕೊಟ್ಟು, ಹಿತ್ತಾಳೆ ತಟ್ಟೆಯಲ್ಲಿ ದೀಪವಿಟ್ಟು ನನ್ನ ಕೈಗೆ ಕೊಟ್ಟರು.

ಹಾಡುಹಗಲು, ಹೆದ್ದಾರಿಯ ಬದಿ, ಹುಣಸೆಮರದ ಕೆಳಗೆ, ಪ್ಯಾಂಟು ಹಾಕಿಕೊಂಡ ಗಡ್ಡದ ಯುವಕ, ಕೈಯಲ್ಲಿ ಉರಿಯುವ ದೀಪ. ನೀವಾದರೂ ಏನು ಮಾಡುತ್ತಿದ್ದಿರಿ? ಮೊದಲು ಒಬ್ಬ ಟಿವಿಎಸ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ದೀಪಕ್ಕೆ ಅಂಗೈ ಒಡ್ಡಿ ಕಣ್ಣಿಗೊತ್ತಿಕೊಂಡ. ಆಮೇಲೆ ಹುಲ್ಲು ಹೊತ್ತುಕೊಂಡು ಹೋಗುತ್ತಿದ್ದ ಇಬ್ಬರು ಹೆಂಗಸರು. ಒಬ್ಬಾಕೆ ಕೇಳಿದಳು: "ಯಾವ ದೇವರಪ್ಪ?" ನಾನು ಬಂಕಿನ ಕಡೆ ಕೈ ತೋರಿಸಿದೆ. ಆಕೆ ಅತ್ತ ತಿರುಗಿ ಡೀಸೆಲ್ ಪಂಪಿಗೂ ಒಂದು ಕೈ ಮುಗಿದಳು.

ಎರಡನೇ ಭಾನುವಾರ ಇನ್ನೂ ಕೆಟ್ಟದಾಯಿತು. ನಮ್ಮ ಸಮಾಜಶಾಸ್ತ್ರದ ಮೇಷ್ಟರು ಲೂನಾದಲ್ಲಿ ಬಂದು ಗಕ್ಕನೆ ನಿಂತರು. ನನ್ನನ್ನು ನೋಡಿದರು. ದೀಪ ನೋಡಿದರು.

"ಫೀಲ್ಡ್ ವರ್ಕಾ?"

"ಹೌದು ಸಾರ್."

ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೇಷ್ಟರು ಗಬಕ್ಕನೆ ಆರತಿ ತೆಗೆದುಕೊಂಡು ಹೊರಟುಹೋದರು. ಸೋಮವಾರ ತರಗತಿಯಲ್ಲಿ ಆಚರಣೆಗಳು ಹುಟ್ಟುವ ಬಗೆಯ ಮೇಲೆ ಒಂದು ಗಂಟೆ ಪಾಠ ಮಾಡಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೇ ಭಾನುವಾರ ಹೋದಾಗ ಹುಣಸೆಮರದ ಬುಡಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು.

ಆ ಮೂರನೇ ಭಾನುವಾರವೇ ಕುಕ್ಕರಿನ ಪ್ರಸಂಗ. ಬಂಕು ಇನ್ನೂ ಒಂದು ಕಿಲೋಮೀಟರ್ ದೂರವಿರುವಾಗಲೇ ಒಲೆ ಆರಬೇಕೆಂಬುದು ಅಪ್ಪಣೆ. ದೊಡ್ಡಮ್ಮ ಆರಿಸಿದ್ದರು. ಆದರೆ ಕುಕ್ಕರಿನೊಳಗಿನ ಆವಿಗೆ ಅಪ್ಪಣೆ ಗೊತ್ತೇ? ಬಂಕಿನ ಮುಂದಿನ ಉಬ್ಬನ್ನು ಬಸ್ಸು ಹತ್ತಿಳಿದ ರಭಸಕ್ಕೆ ಕುಕ್ಕರಿನ ವೆಯ್ಟು ಮೇಲೆದ್ದು ಕೂಗಿತು. ಎಂಥ ಕೂಗು! ನೂರು ಹೆಜ್ಜೆ ಆಚೆ ನನಗೂ ಕೇಳಿಸಿತು. ಕೂಡಲೇ ದೊಡ್ಡಪ್ಪನ ಮೂವತ್ತು ವರ್ಷದ ಸರ್ವಿಸ್ ಮೈಮೇಲೆ ಬಂತು. "ಎಲ್ಲಾರೂ ಓಡಿ!" ಎಂದು ಅರಚಿ, ಸ್ಟಿಯರಿಂಗ್ ಬಿಟ್ಟು ಕೆಳಗೆ ಹಾರಿ, ಬಂಕಿನ ಗೋಡೆಗೆ ನೇತುಹಾಕಿದ್ದ ಮರಳಿನ ಬಕೆಟ್ಟು ಕಿತ್ತುಕೊಂಡು ಮತ್ತೆ ಬಸ್ಸಿಗೆ ನುಗ್ಗಿದರು. ಸರದಿಯಲ್ಲಿದ್ದವರು ಗಾಡಿ ಬಿಟ್ಟು ಓಡಿದರು. ಚಾಚಾ ಪೈಪು ಹಿಡಿದುಕೊಂಡೇ ಓಡಲು ಹೋಗಿ, ಪೈಪು ಮುಗಿದಲ್ಲಿ ನಿಂತರು.

ಸ್ವಲ್ಪ ಹೊತ್ತಾದಮೇಲೆ ದೊಡ್ಡಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. "ಏನೂ ಆಗಿಲ್ಲ, ಎಲ್ಲರೂ ಬನ್ನಿ. ಪಕ್ಕದ ಪಾತ್ರೆಯಲ್ಲಿದ್ದ ಸಾರಿನ ಪ್ರಾಣ ಹೋಯ್ತು, ಅಷ್ಟೇ" ಎಂದರು. ಅವತ್ತು ಮರಳು ಸೋಸಿ ಅವರೆಕಾಳು ಸಾರು ಉಂಡ ನೆನಪಿದೆ. ದೊಡ್ಡಪ್ಪ ಒಬ್ಬರೇ ಎರಡು ಸಲ ಹಾಕಿಸಿಕೊಂಡರು.

ಇಷ್ಟೆಲ್ಲ ತಯಾರಿಯ ನಂತರ ಆ ದಿನ ಬಂತು. ಅಮ್ಮನ ಆಪರೇಷನ್ ಆಗಿ, ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಭದ್ರಾವತಿಯಿಂದ ಬಸ್ಸು ಹೊರಟಿತು. ದೊಡ್ಡಮ್ಮನ ತೊಡೆಯ ಮೇಲೆ ಎಂಟು ದಿನದ ಬಟ್ಟೆಯ ಚೀಲ. ಮುಖದಲ್ಲಿ ಮದುಮಗಳ ಕಳೆ. ಬಸ್ಸನ್ನು ನಮ್ಮ ಬೀದಿಯಲ್ಲಿ ನಿಲ್ಲಿಸುವುದು, ದೊಡ್ಡಮ್ಮ ನಮ್ಮ ಮನೆಯಲ್ಲಿದ್ದು ಹೊತ್ತುಹೊತ್ತಿಗೆ ಬಂದು ಎಣ್ಣೆ ಹಾಕುವುದು, ಹೀಗೆಂದು ಏರ್ಪಾಡು.

ದುರ್ಗಿಗುಡಿಯ ಬೀದಿಗಳನ್ನು ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ನಮ್ಮ ಮನೆಯ ತಿರುವಿನಲ್ಲಿ ಬಸ್ಸಿನ ಮೂತಿ ಒಂದು ಬಳೆ ಅಂಗಡಿಯೊಳಗೆ, ಬಾಲ ಎದುರಿನ ಮನೆಯ ತುಳಸಿಕಟ್ಟೆಗೆ! ಪ್ರತಿ ಭಾನುವಾರ ಬಂಕಿನಿಂದಲೇ ಹಿಂದಿರುಗುತ್ತಿದ್ದ ನಮ್ಮ ತಾಲೀಮಿನಲ್ಲಿ ಬೀದಿಯ ಅಗಲವನ್ನು ಅಳೆಯುವುದೊಂದು ಮರೆತಿತ್ತು. ಹೆಜ್ಜೆ ಅಳೆಯುವುದರಲ್ಲಿ ಅಷ್ಟು ನಿಷ್ಣಾತರಾದವರು ಅದನ್ನೇ ಮರೆಯಬೇಕೇ? ಬಳೆ ಅಂಗಡಿಯವನ ಬೈಗುಳ, ಇಡೀ ಬೀದಿಯವರ "ರಿವರ್ಸ್, ರಿವರ್ಸ್". ಮುಕ್ಕಾಲು ಗಂಟೆಯ ನಂತರ ಬಸ್ಸು ಹಿಮ್ಮುಖವಾಗಿ ದೊಡ್ಡ ರಸ್ತೆಗೆ ಬಿತ್ತು. ಇಷ್ಟು ದೊಡ್ಡ ಗಾಡಿಯನ್ನು ಎಂಟು ದಿನ ನಿಲ್ಲಿಸಿಕೊಳ್ಳುವ ಗುರುತಿನ ಜಾಗ ಒಂದೇ, ಮಲವಗೊಪ್ಪದ ಬಂಕಿನ ಹಿಂದಿನ ಬಯಲು. ಬಂದೆವು. ನಾನು ಅಭ್ಯಾಸದಂತೆ ದೀಪ ಹಿಡಿದು ಹುಣಸೆಮರಕ್ಕೆ ಹೋದೆ.

ಮುಂದಿನ ಮಾತುಗಳು ನನಗೆ ಕೇಳಿಸಿಲ್ಲ. ಚಾಚಾ ಆಮೇಲೆ ಹೇಳಿದ್ದನ್ನು ಸೇರಿಸಿಕೊಂಡು ಬರೆಯುತ್ತಿದ್ದೇನೆ.

"ನಿಲ್ಲಿಸಿ ಸಾಬ್, ಎಂಟು ದಿನ ಏನು, ತಿಂಗಳು ನಿಲ್ಲಿಸಿ. ಆದರೆ ದೀಪ ಒಳಗೆ ಬೇಡ, ನೀವೇ ಕಲಿಸಿದ ಕಾಯಿದೆ" ಎಂದರಂತೆ ಚಾಚಾ.

ದೊಡ್ಡಮ್ಮ ಬಟ್ಟೆಯ ಚೀಲವನ್ನು ಮತ್ತೆ ಬಸ್ಸಿನೊಳಗೆ ಇಟ್ಟರು. "ಹೋಗ್ಲಿ ಬಿಡ್ರೀ. ಸಂಜೆವರೆಗೆ ಅವಳ ಹತ್ರ ಇದ್ದು ಬರ್ತೀನಿ" ಎಂದರು. ಇಪ್ಪತ್ತೆರಡು ವರ್ಷದಿಂದ ಹೇಳಿ ಹೇಳಿ ಸವೆದ ಮಾತು.

ಆಗ ಚಾಚಾ ತಲೆ ಕೆರೆದುಕೊಂಡು ಕೇಳಿದರು. "ಬುರಾ ಮತ್ ಮಾನೋ ಸಾಬ್, ತಪ್ಪು ತಿಳೀಬೇಡಿ, ನಂಗೆ ನಿಮ್ಮ ಶಾಸ್ತ್ರ ಗೊತ್ತಿಲ್ಲ. ಆ ಎಣ್ಣೆ ಭಾಭಿನೇ ಹಾಕಬೇಕಾ? ನೀವು ಹಾಕಿದರೆ ಉರಿಯಲ್ವಾ?"

ದೊಡ್ಡಪ್ಪ ಬಸ್ಸಿನ ಕಡೆ ನೋಡಿದರು. ದೊಡ್ಡಮ್ಮನ ಮುಖ ನೋಡಿದರು. ಬಸ್ಸು ಕೊಂಡಿದ್ದರು, ಸ್ಪ್ರಿಂಗು ಕೂರಿಸಿದ್ದರು, ಹಸು ನೂಕಿಸಿದ್ದರು. ಇದು ಮಾತ್ರ ಹೊಳೆದಿರಲಿಲ್ಲ. ಅವರನ್ನು ನೋಡಿ ನಗುವ ನನಗೆ ಹೊಳೆದಿತ್ತೇ? ಎಂ.ಎ. ಓದುತ್ತಿದ್ದೆ, ಪ್ರಶ್ನೆ ಕೇಳುವುದೇ ಓದು ಎಂದು ನಂಬಿದ್ದೆ. ನಾಲ್ಕು ಭಾನುವಾರ ಆ ದೀಪವನ್ನು ಕೈಯಲ್ಲಿ ಹಿಡಿದು ನಿಂತಿದ್ದೆನಲ್ಲ!

"ನಂಗೆ ಬತ್ತಿ ಹೊಸೆಯೋಕೆ ಬರಲ್ಲ" ಎಂದರಂತೆ ದೊಡ್ಡಪ್ಪ, ತುಂಬ ಸಣ್ಣ ದನಿಯಲ್ಲಿ.

ಮರದ ಕೆಳಗಿಂದ ನನಗೆ ಕಂಡದ್ದು ಇಷ್ಟು. ಬಂಕಿನ ಮೋಟುಗೋಡೆಯ ಮೇಲೆ ಇಬ್ಬರೂ ಪಕ್ಕಪಕ್ಕ ಕೂತಿದ್ದಾರೆ. ದೊಡ್ಡಮ್ಮ ಹತ್ತಿಯ ಉಂಡೆಯಿಂದ ಎಳೆ ತೆಗೆದು ಅಂಗೈ ಮೇಲೆ ಹೊಸೆದು ತೋರಿಸುತ್ತಿದ್ದಾರೆ. ದೊಡ್ಡಪ್ಪ ತಲೆ ಬಗ್ಗಿಸಿ ಹೊಸೆಯುತ್ತಿದ್ದಾರೆ. ಮೊದಲ ಬತ್ತಿ ಫೈರ್ ಇಂಜಿನ್ನಿನ ಪೈಪಿನಷ್ಟು ದಪ್ಪವಿತ್ತೆಂದು ಚಾಚಾ ಹೇಳಿದರು. ದೊಡ್ಡಮ್ಮ ನಗಲಿಲ್ಲ. ಅದನ್ನು ಬಿಚ್ಚಿ, ಅವರ ಕೈಮೇಲೆ ತಮ್ಮ ಕೈಯಿಟ್ಟು ಮತ್ತೆ ಹೊಸೆಸಿದರು. ಹಿಂದೆ ಸರದಿ ಬೆಳೆದಿತ್ತು. ಅವತ್ತು ಯಾರೂ ಹಾರ್ನ್ ಒತ್ತಲಿಲ್ಲ ಎಂದು ನನ್ನ ನೆನಪು. ಒತ್ತಿದ್ದರೂ ಒತ್ತಿರಬಹುದು.

ಕೊನೆಗೆ ದೊಡ್ಡಪ್ಪ ನೂರು ಹೆಜ್ಜೆ ನಡೆದು ಬಂದು ತಟ್ಟೆಗೆ ಕೈ ಚಾಚಿದರು. "ಕೊಡು ಇಲ್ಲಿ. ಇದನ್ನ ನಾನು ಮನೆಗೆ ತಗೊಂಡು ಹೋಗ್ತೀನಿ. ನೀನು ನಿನ್ನ ದೊಡ್ಡಮ್ಮನ್ನ ಲೈನ್ ಬಸ್ಸು ಹತ್ತಿಸ್ಕೊಂಡು ಹೋಗು."

ಹೋದೆವು. ಲೈನ್ ಬಸ್ಸಿನಲ್ಲಿ ಆ ಬಟ್ಟೆಯ ಚೀಲ ಮತ್ತೆ ದೊಡ್ಡಮ್ಮನ ತೊಡೆಯ ಮೇಲಿತ್ತು. ನಮ್ಮ ಮನೆಯ ನಡುಕೋಣೆಯಲ್ಲಿ ಅಮ್ಮ ಮಲಗಿದ್ದಳು. ಕಣ್ಣು ತೆರೆದವಳೇ ರೂಢಿಯಂತೆ, "ಎಷ್ಟು ಗಂಟೆ ಬಸ್ಸಿಗೆ ಹೊರಡ್ತೀಯ ಅಕ್ಕ?" ಎಂದಳು.

ದೊಡ್ಡಮ್ಮ ಅಮ್ಮನ ಪಕ್ಕಕ್ಕೆ ಕುರ್ಚಿ ಎಳೆದರು. ಚೀಲ ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಕುರ್ಚಿಯ ಮೇಲೆ ಇಟ್ಟರು. ಆಮೇಲೆ ಸುತ್ತ ನೋಡಿ ಕೇಳಿದರು: "ಒಗೆದ ಬಟ್ಟೆ ಎಲ್ಲಿ ಒಣಹಾಕ್ತೀಯೇ ನೀನು?"

ಇಷ್ಟು ವರ್ಷದಲ್ಲಿ ತಂಗಿಯ ಮನೆಯ ಹಗ್ಗ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಮ್ಮ ಹಿತ್ತಿಲ ಕಡೆ ತೋರಿಸಲು ಕೈ ಎತ್ತಿದಳು. ತೋರಿಸಲಾಗಲಿಲ್ಲ. ಆ ಕೈಯಿಂದಲೇ ಅಕ್ಕನ ಸೆರಗು ಹಿಡಿದುಕೊಂಡಳು.